ಪೆನ್ಸಿಲಿನಲ್ಲಿ ಬರೆದ ಷರಾ

ಕಾಪುವಿನಲ್ಲಿ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ಅದರ ಬೀಗದಕೈ ಒಬ್ಬ ಕ್ಲಾಸ್ ಮಾಷ್ಟ್ರಿಂದ ಇನ್ನೊಬ್ಬರಿಗೆ ಉಡುಪಿ ಮಠದ ಪರ್ಯಾಯದಷ್ಟೇ ಗಾಂಭೀರ್ಯದಿಂದ ದಾಟುತ್ತಿತ್ತು. ಒಳಗಿನ ರಿಜಿಸ್ಟರಿನಲ್ಲಿ ಅಂಕಗಳನ್ನು ಶಾಯಿಯಲ್ಲಿ ಬರೆಯಬೇಕು, ಕೊನೆಯ ಕಾಲಮ್ಮಿನ ಷರಾವನ್ನು ಪೆನ್ಸಿಲಿನಲ್ಲಿ. ವರ್ಷದ ಕೊನೆಯ ದಿನ ರಬ್ಬರು ಹಿಡಿದು ಕುಳಿತು ಷರಾಗಳನ್ನೆಲ್ಲ ಅಳಿಸಬೇಕು. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ವಿಧಿಯನ್ನು ನನಗೆ ಹೇಳಿಕೊಟ್ಟವರು ಆಗಿನ ಹಿರಿಯ ಮಾಷ್ಟ್ರು. “ಮಕ್ಕಳು ಪಾಸಾಗಿ ಹೋಗುವಾಗ ಅವರ ಬೆನ್ನಿಗೆ ನಮ್ಮ ಮಾತು ಅಂಟಿಕೊಂಡು ಹೋಗ್ಬಾರ್ದು” ಎಂದಿದ್ದರು.

ನನ್ನ ನಿವೃತ್ತಿಗೆ ಒಂದು ವರ್ಷವಿದ್ದಾಗ ನನ್ನ ಒಂಬತ್ತನೆಯ ತರಗತಿಗೆ ಎರ್ಮಾಳಿನ ಒಬ್ಬ ಹುಡುಗಿ ಸೇರಿದಳು. ಅವಳ ತಾಯಿ ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬಂದರು. ಮಗಳಿಗೆ ಆಗಾಗ ಫಿಟ್ಸ್ ಬರುತ್ತದೆ, ಕಡಲ ಬದಿಗೆ ಆಟಕ್ಕೆ ಕರೆದೊಯ್ದರೆ ಒಬ್ಬಳನ್ನೇ ಬಿಡಬಾರದು. ಅಷ್ಟು ಹೇಳಿ, “ನಿಮ್ಮ ಹತ್ರ ಮಾತ್ರ ಹೇಳಿದ್ದು ಮಾಷ್ಟ್ರೆ” ಎಂದರು. ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಆಮೇಲೆ ಕೊರೋನಾ ಬಂದು ಶಾಲೆಯೇ ಎದ್ದು ಮೊಬೈಲಿನೊಳಗೆ ಹೋಯಿತು. ಮಣಿಪಾಲದಿಂದ ದಿನಾ ಬಂದುಹೋಗುವ ನಮ್ಮ ಹೊಸ ಹೆಡ್‌ಮಾಷ್ಟ್ರು ಒಂದು ಆನ್‌ಲೈನ್ ಪಟ್ಟಿ ತಯಾರಿಸಿ, ರಿಜಿಸ್ಟರಿನಲ್ಲಿ ಇದ್ದದ್ದನ್ನೆಲ್ಲ ತುಂಬಿಸಲು ಆಜ್ಞೆ ಮಾಡಿದರು. ‘ಪಾರದರ್ಶಕತೆ’ ಎಂಬ ಶಬ್ದವನ್ನು ಅವರು ನೈವೇದ್ಯದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ತಿರುಗುತ್ತಿದ್ದರು. ಷರಾದ ಕಾಲಮ್ಮೂ ಇತ್ತು. ಖಾಲಿ ಬಿಟ್ಟರೆ ಅದು ಕೆಂಪಾಗುತ್ತಿತ್ತು. ಮೂವತ್ತು ವರ್ಷ ರಿಜಿಸ್ಟರಿನ ಒಂದು ಮನೆಯನ್ನೂ ಖಾಲಿ ಬಿಡದ ನಾನು ಕನ್ನಡಕ ಒರೆಸಿಕೊಂಡು ಒಂದೇ ಬೆರಳಿನಲ್ಲಿ, ಒಂದಕ್ಷರ ತಪ್ಪದಂತೆ, ಎಲ್ಲವನ್ನೂ ತುಂಬಿಸಿದೆ. ಅದು ಆಫೀಸಿನ ಕಪಾಟಿಗೆ ಹೋಗುತ್ತದೆಂದು ನಂಬಿದ್ದೆ. ಕಪಾಟು ಎಲ್ಲಿದೆ, ಬೀಗದಕೈ ಯಾರಲ್ಲಿದೆ ಎಂದು ಕೇಳಲಿಲ್ಲ. ಮೂರ್ಖತನಕ್ಕೂ ಒಂದು ಅಚ್ಚುಕಟ್ಟು ಇರುತ್ತದೆ; ನನ್ನದು ಸಾಲು ಸಾಲಾಗಿತ್ತು.

ಮರುದಿನ ಹೆಡ್‌ಮಾಷ್ಟ್ರು ಆ ಪಟ್ಟಿಯ ಲಿಂಕನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಭದ್ರತೆಯ ಏರ್ಪಾಡು: “ದಯವಿಟ್ಟು ಅವರವರ ಮಗುವಿನದ್ದು ಮಾತ್ರ ನೋಡಿ.” ಕಾಪುವಿನಿಂದ ದುಬೈಯವರೆಗಿನ ತಂದೆತಾಯಂದಿರು ಈ ಕಟ್ಟಪ್ಪಣೆಯನ್ನು ಶಿರಸಾ ವಹಿಸಿ, ಊರಿನ ಮಕ್ಕಳದ್ದೆಲ್ಲ ಓದಿ ಮುಗಿಸಿದ ಮೇಲೆ ತಮ್ಮದನ್ನೂ ಒಮ್ಮೆ ನೋಡಿದರು. ಒಬ್ಬ ಮಹಾತಾಯಿ ಹುಡುಗಿಯ ಹೆಸರು ಹಿಡಿದು “ಪಾಪ, ದೇವರು ಒಳ್ಳೆಯದು ಮಾಡಲಿ” ಎಂದು ಬರೆದು ಏಳು ಜೋಡಿ ಕೈ ಮುಗಿದರು. ಅದರ ಮರುದಿನ ಆನ್‌ಲೈನ್ ಕ್ಲಾಸಿನಲ್ಲಿ ಯಾರೋ ಒಬ್ಬ ಕಣ್ಣು ಮೇಲೆ ಮಾಡಿ ಗಡಗಡ ನಡುಗಿ ತೋರಿಸಿದ. ಹುಡುಗಿಯ ಚೌಕ ಕಪ್ಪಾಯಿತು. ಮತ್ತೆ ಅವಳು ಕ್ಲಾಸಿಗೆ ಬರಲಿಲ್ಲ.

ಬಂದದ್ದು ತಾಯಿ, ನೇರ ನಮ್ಮ ಮನೆಗೆ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

“ನಿಮ್ಮ ಹತ್ರ ಮಾತ್ರ ಹೇಳಿದ್ದಲ್ವಾ ಮಾಷ್ಟ್ರೆ?”

“ಹೌದು.”

“ಅವಳು ಇನ್ನು ಶಾಲೆಯೇ ಬೇಡ ಅಂತಾಳೆ. ಅದನ್ನು ಅಳಿಸ್ಲಿಕ್ಕೆ ಆಗ್ತದಾ?”

ನಾನು ಹೆಡ್‌ಮಾಷ್ಟ್ರಲ್ಲಿಗೆ ಓಡಿದೆ. “ಆವಾಗಲೇ ಡಿಲೀಟ್ ಮಾಡಿ ಆಯ್ತು ಮಾರಾಯ್ರೆ, ನೀವು ಸುಮ್ಮನೆ ಟೆನ್ಶನ್ ಮಾಡ್ತೀರಿ” ಎಂದರು.

“ಜನ ಫೋಟೋ ತೆಗೆದು ಇಟ್ಟುಕೊಂಡದ್ದು?”

“ಅದಕ್ಕೆ ನಾವೆಂತ ಮಾಡ್ಲಿಕ್ಕಾಗ್ತದೆ?”

ಆದರೂ ಅವರು ಸುಮ್ಮನಿರಲಿಲ್ಲ. ಗೌಪ್ಯತೆಯನ್ನು ಕಾಪಾಡುವ ಇಂಗ್ಲಿಷ್ ಒಪ್ಪಿಗೆ ಪತ್ರವೊಂದನ್ನು ಮಾಡಿಸಿದರು. ಪೋಷಕರು ಅದಕ್ಕೆ ಸಹಿ ಹಾಕಿ, ಮಗುವಿನ ಹೆಸರು, ಜನ್ಮದಿನಾಂಕ, ವಿಳಾಸ ತುಂಬಿಸಿ, ಫೋಟೋ ತೆಗೆದು ಕಳುಹಿಸಬೇಕಿತ್ತು. ಎಲ್ಲಿಗೆ? ಅದೇ ಗುಂಪಿಗೆ.

ಹುಡುಗಿಯನ್ನು ಕಾರ್ಕಳದ ಚಿಕ್ಕಮ್ಮನ ಮನೆಗೆ ಕಳುಹಿಸಿ ಅಲ್ಲಿನ ಶಾಲೆಗೆ ಸೇರಿಸುವುದೆಂದಾಯಿತು. ಹೊಸ ಊರಲ್ಲಾದರೆ ಹೋಗುತ್ತೇನೆ ಎಂದಳಂತೆ. ಒಂದು ದಿನ ತಾಯಿ ಫೋನು ಮಾಡಿದರು. “ಅಲ್ಲಿ ಕೂಡ ಮೊಬೈಲಿನಲ್ಲೇ ಅರ್ಜಿ. ಆರೋಗ್ಯ ಸಮಸ್ಯೆ ಉಂಟಾ ಇಲ್ವಾ ಅಂತ ಕೇಳ್ತದೆ. ಎಂತ ಹಾಕುವುದು?”

ಜೀವಮಾನವಿಡೀ ಮಕ್ಕಳಿಗೆ ಸತ್ಯವನ್ನೇ ಹೇಳಿ ಎಂದು ಪಾಠ ಹೇಳಿದವನು ನಾನು. “ಇಲ್ಲ ಅಂತ ಹಾಕಿ” ಎಂದೆ. “ಆದರೆ ಶಾಲೆ ತೆರೆದ ದಿನ ನೀವೇ ಹೋಗಿ ಕ್ಲಾಸ್ ಟೀಚರನ್ನು ಬದಿಗೆ ಕರೆದು ಹೇಳಿ. ಹೇಳದೆ ಇರಬೇಡಿ.”

ಶಾಲೆ ತೆರೆದ ಮೇಲೆ ಮತ್ತೆ ಫೋನು ಬಂತು. ಹುಡುಗಿ ಮೊದಲನೆಯ ಬೆಂಚಿನಲ್ಲಿ ಕುಳಿತಿದ್ದಾಳಂತೆ. ಟೀಚರಮ್ಮ ಎಲ್ಲ ಕೇಳಿಸಿಕೊಂಡು, ಒಂದು ಚೀಟಿಯಲ್ಲಿ ಬರೆದು, ಮಡಚಿ, ತನ್ನ ಮೊಬೈಲಿನ ಹಿಂದೆ, ಕವರಿನೊಳಗೆ ಸಿಕ್ಕಿಸಿಕೊಂಡರಂತೆ.

ಮೊಬೈಲಿನಲ್ಲಿ ಗುಟ್ಟು ಇಡಲು ಅಂಥದ್ದೊಂದು ಜಾಗವಿದೆಯೆಂದು ನನಗೆ ಹೊಳೆದಿರಲಿಲ್ಲ.

“ಕವರು ಎಂಥದ್ದು, ಪಾರದರ್ಶಕವಾ?” ಎಂದು ಕೇಳಿದೆ.

“ಅಲ್ಲ, ಕಪ್ಪು” ಎಂದರು ತಾಯಿ. “ಯಾಕೆ ಮಾಷ್ಟ್ರೆ?”

“ಸುಮ್ಮನೆ” ಎಂದೆ.