ಶರಾವತಿಯ ಬಾಯಲ್ಲಿ ಉಪ್ಪು

ನಮ್ಮ ಹುಬ್ಬಳ್ಳಿಯವರಿಗೆ ನೀರೆಂದರೆ ಆಸೆ ಜಾಸ್ತಿ. ಹೊನ್ನಾವರದಲ್ಲಿ ಬಸ್ಸಿಳಿದದ್ದೇ ತಡ, ಶರಾವತಿಯ ಅಷ್ಟಗಲ ನೀರು ಕಂಡು ನಾನು ದಂಡೆಗೆ ಓಡಿ ಬೊಗಸೆ ತುಂಬ ಕುಡಿದೆ. ಕುಡಿದಷ್ಟನ್ನೂ ಉಗುಳಿದೆ.

“ಹೊಳಿ ನೀರಿಗೆ ಉಪ್ಪು ಹಾಕಿದವರು ಯಾರಬೇ?” ಎಂದು ಅವ್ವನನ್ನು ಕೇಳಿದೆ.

ಭರತದ ಹೊತ್ತಿಗೆ ಸಮುದ್ರವೇ ಹೊಳೆಯೊಳಗೆ ಬರುತ್ತದೆಂದು ಅಪ್ಪ ತಿಳಿಸಿ ಹೇಳಿದ. ಕಚೇರಿಯ ಗುಮಾಸ್ತ ಅವನು. ಎಲ್ಲವನ್ನೂ ತಿಳಿಸಿ ಹೇಳುವ ಚಟ. ರಜೆ ಹಾಕಿ ನಮಗೆ ಸಮುದ್ರ ತೋರಿಸಲು ಕರೆತಂದಿದ್ದ. ಅರವತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ನಾವು ಬೌದ್ಧರಾಗಿ ಎರಡು ವರ್ಷವಾಗಿತ್ತು. ದೀಕ್ಷೆ ತೆಗೆದುಕೊಂಡ ದಿನ ಅಪ್ಪ ಆಡಿದ ಮಾತು ಒಂದೇ: “ಇನ್ನ ಹೊರಗ ನಿಂತು ನೀರು ಕುಡಿಯೂದು ಮುಗೀತು.” ಹುಬ್ಬಳ್ಳಿಯಲ್ಲಿ ಗುರುತಿನವರ ನಡುವೆ ಅದನ್ನು ನಡೆಸಿದ್ದೆವು. ಪರಸ್ಥಳದಲ್ಲಿ ಇದೇ ಮೊದಲು.

ದಂಡೆಯ ಮೇಲಿನ ಖಾನಾವಳಿಗೆ ಹೋದೆವು. ಮಾಲೀಕ ನಗುತ್ತ ಬರಮಾಡಿಕೊಂಡ. ಅಪ್ಪನ ನಾಜೂಕು ಮಾತು ಕೇಳಿ ನಮ್ಮನ್ನು ಯಾರೋ ದೊಡ್ಡವರೆಂದು ತಿಳಿದಿರಬೇಕು. ಕೂತ ಮೇಲೆ ಕೇಳಿದ: “ನಿಮ್ಮದು ಎಂತ ಜನ?”

“ಬೌದ್ಧರ್ರಿ,” ಎಂದ ಅಪ್ಪ.

“ಹಾಗಂದ್ರೆ? ಅದಕ್ಕೂ ಮುಂಚೆ ಎಂತ ಆಗಿದ್ರಿ?”

“ಅದಕ್ಕಿಂತ ಮೊದ್ಲ ಹಸದಿದ್ವಿರಿ. ಈಗೂ ಹಸದೇವ್ರಿ. ಊಟಕ್ಕ ಹಾಕ್ರಿ.”

ಪಕ್ಕದ ಬೆಂಚಿನ ಇಬ್ಬರು ಕಿಸಕ್ಕನೆ ನಕ್ಕರು. ಮಾಲೀಕ ನಗಲಿಲ್ಲ. ಅವನಿಗೆ ತಿಳಿಯಬೇಕಾದದ್ದು ತಿಳಿದಿತ್ತು. “ಹಿಂದಿನ ಜಗಲಿಯಲ್ಲಿ ಬಡಿಸ್ತೇನೆ, ಅಲ್ಲಿಗೆ ಹೋಗಿ,” ಎಂದ.

ಅಪ್ಪ ಏಳಲಿಲ್ಲ. ಅವ್ವನೂ ಏಳಲಿಲ್ಲ. ನಾನು ಏಳಹೋದೆ. ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಹೊಳೆ ದಾಟಲು ನಾವು ಹತ್ತಬೇಕಿದ್ದ ಲಾಂಚು ಕೂಗಿ ಹೊರಟೇ ಹೋಯಿತು. ಇಂಥದ್ದನ್ನೆಲ್ಲ ಸ್ವಲ್ಪ ಮೆತ್ತಗೆ ಬರೆಯಬಾರದೇ ಎನ್ನುವ ಗೆಳತಿಯರಿದ್ದಾರೆ ನನಗೆ. ಬರೆಯುವುದಿಲ್ಲ. ಆ ಮನುಷ್ಯನ ಮೇಲೆ ಆಗ ಸಿಟ್ಟಿತ್ತು, ಈಗಲೂ ಇದೆ.

ಕೊನೆಗೆ ಅವನೇ ಬೇಸತ್ತು ಮೂರು ಲೋಟ ತಂದಿಟ್ಟ. ನೀರಿನ ತಂಬಿಗೆಯನ್ನು ಮಾತ್ರ ಮೊಳದೆತ್ತರ ಎತ್ತಿ ಹಿಡಿದ. ಎಲ್ಲಿಯೂ ತಾಗದಂತೆ ಮೇಲಿನಿಂದ ಸುರಿಯುವುದನ್ನು ನಾವೇನು ಕಾಣದವರಲ್ಲ. ಅವ್ವ ನನ್ನ ಲೋಟದ ಮೇಲೆ ಅಂಗೈ ಮುಚ್ಚಿದಳು.

“ಕೆಳಗ ಇಳಸ್ರಿ,” ಅಂದಳು.

ಅವನು ಒಂದು ಗೇಣು ಇಳಿಸಿದ.

“ಇನ್ನೂ.”

ತಂಬಿಗೆಯ ಬಾಯಿ ತನ್ನ ಬೆರಳಿಗೆ ತಾಗುವವರೆಗೂ ಅವ್ವ ಕೈ ತೆಗೆಯಲಿಲ್ಲ.