ಫೋನಿನ ಬಾಯಾರು ಮಾಡಿದ ಪರೀಕ್ಷೆ

ಅವರ ಬಲಗೈಯಲ್ಲಿ ಒಂದೂ ಬಳೆ ಇರುತ್ತಿರಲಿಲ್ಲ. ಎರಡೂ ಕೈಗಳ ಹಸಿರು ಬಳೆಗಳು ಎಡಗೈಯಲ್ಲೇ ಒತ್ತೊತ್ತಾಗಿ ಕೂತಿರುತ್ತಿದ್ದವು. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಫೋನು ಜೋಡಿಸಲು ವಯರುಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವಾಗ ಬಳೆ ತೊಡಕಾಗುತ್ತದೆಂದು ಅವರೇ ಮಾಡಿಕೊಂಡ ಏರ್ಪಾಡು ಅದು.

ಆಳಂದ ಸೀಮೆಯ ಒಂದು ಸಣ್ಣ ಊರಿನ ಟೆಲಿಫೋನ್ ಆಪರೇಟರ್ ಅವರು. ಆ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಾರು’ ಎನ್ನುತ್ತಾರೆ; ಇವರು ಊರಿಗೆಲ್ಲ ‘ಫೋನಿನ ಬಾಯಾರು’, ನನಗೂ ಅದೇ. ನಂಬರು ಕೇಳಿದರೆ ಸುಮ್ಮನೆ ಕೊಡುವವರಲ್ಲ. “ಡಾಕ್ಟರು ಈಗಷ್ಟೇ ಹಿರೋಳ್ಳಿಗೆ ಹೋದ್ರು. ಕಾಂಪೌಂಡರಿಗೆ ಕೊಡ್ಲೇನ್ರಿ?” ಎನ್ನುವರು.

ಎಂಬತ್ತರ ದಶಕದ ಕೊನೆಗೆ, ಆ ಬೋರ್ಡು ತೆಗೆದು ತಾನಾಗಿ ನಂಬರು ಜೋಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸಲು ಇಲಾಖೆಯವರು ನನ್ನನ್ನು ಕಳಿಸಿದರು. ಇಂಜಿನಿಯರಾಗಿ ನಾನೊಬ್ಬನೇ ಹೊತ್ತ ಮೊದಲ ಕೆಲಸ. ಪೆಟ್ಟಿಗೆಯ ಒಂದು ಭಾಗದ ಸುದ್ದಿಯನ್ನು ಇನ್ನೊಂದು ಭಾಗಕ್ಕೆ ಮುಟ್ಟಿಸಲು ಒಳಗೊಂದು ಸರ್ಕ್ಯೂಟ್ ಕಾರ್ಡು ಬೇಕು. ಬೇರೆ ಬೇರೆ ಕಡೆ ತಯಾರಾದ ಎರಡು ಕಾರ್ಡು ಕೊಟ್ಟು, ಒಳ್ಳೆಯದನ್ನು ಆರಿಸಿ ಹಾಕಿ ಬಾ ಎಂದಿದ್ದರು. ಎರಡು ದಿನ ಒಂದೊಂದೇ ಕಾಲ್ ಮಾಡಿ ನೋಡಿದೆ. ಎರಡೂ ಪಾಸು. ಮೊದಲನೆಯದು ಬಲು ಚುರುಕು. ಅದನ್ನೇ ಹಾಕುವುದೆಂದು ಬರೆದು ಸಹಿಗೆ ಪೆನ್ನು ತೆಗೆದೆ.

“ಸಾಹೇಬ್ರ,” ಎಂದರು ಬಾಯಾರು, ಬೋರ್ಡಿನಿಂದ ಕಣ್ಣೆತ್ತದೆ. “ನಮ್ಮ ಮಂದಿ ಪಾಳಿ ಹಚ್ಚಿ ಒಬ್ಬೊಬ್ಬರೇ ಫೋನ್ ಮಾಡ್ತಾರಂತ ಯಾರ್ ಹೇಳ್ಯಾರ್ರಿ ನಿಮಗ? ತೊಗರಿ ರೇಟು ಬರೋ ಹೊತ್ತಿಗೆ ನೋಡ್ರಿ, ಎಲ್ಲಾರೂ ಒಮ್ಮೆಗೇ ಫೋನ್ ಎತ್ತಿ ಹೊಯ್ಕೋತಾರ.”

ನಾನು ಪೆನ್ನು ಮುಚ್ಚಿದೆ.

ಹೊಸ ಡಯಲ್ ಫೋನುಗಳು ಆಗಲೇ ಮನೆಮನೆ ಸೇರಿದ್ದವು. ಮರುದಿನ ಬೆಳಿಗ್ಗೆ ಬಾಯಾರು ಹಳೆಯ ಬೋರ್ಡಿನಿಂದಲೇ ಎಲ್ಲರಿಗೂ ಹೇಳಿದರು: “ಹನ್ನೊಂದಕ್ಕ ಸರಿಯಾಗಿ ಫೋನ್ ಎತ್ತಿ ನಿಮಗ ಬೇಕಾದವರಿಗೆ ಹಚ್ರಿ. ಇವತ್ತು ಪುಕ್ಕಟ.”

“ಪುಕ್ಕಟ ಅಂತ ನಾನ್ಯಾವಾಗ ಹೇಳೇನ್ರಿ?” ಎಂದೆ ಬೆವರುತ್ತ.

“ಪರೀಕ್ಷಾ ತಗೊಳ್ಳೋರು ನಾವು. ಬರೆಯೋರಿಗೆ ಬಿಲ್ ಹಾಕ್ತೀರೇನ್ರಿ?”

ಹನ್ನೊಂದಕ್ಕೆ ಎಲ್ಲ ಲೈನುಗಳನ್ನು ಪೆಟ್ಟಿಗೆಗೆ ತಿರುಗಿಸಿದೆವು. ಚುರುಕಿನ ಕಾರ್ಡು ಒಂದೇ ಏಟಿಗೆ ಗಪ್ಪಾಯಿತು. ಇಡೀ ಊರಿನಲ್ಲಿ ಒಂದು ಫೋನೂ ಉಸಿರೆತ್ತಲಿಲ್ಲ. ನಾನು ಪೆಟ್ಟಿಗೆಯ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತತೊಡಗಿದೆ.

“ಗಾಬರಿ ಆಗಬ್ಯಾಡ್ರಿ, ಇನ್ನೊಂದು ಹಾಕ್ರಿ.”

ನಿಧಾನದ ಕಾರ್ಡು ಹಾಕಿದೆ. ಅದು ಒಬ್ಬೊಬ್ಬರನ್ನೂ ತುಸು ಕಾಯಿಸಿತು, ಆದರೆ ಯಾರನ್ನೂ ಬಿಡದೆ ಜೋಡಿಸಿತು. ಕಿಟಕಿಯಿಂದ ನೋಡಿದರೆ, ಹೋಟೆಲಿನವನು ಎದುರಂಗಡಿಯ ದರ್ಜಿಗೇ ಫೋನು ಹಚ್ಚಿದ್ದ. ಇಬ್ಬರೂ ರಸ್ತೆಯಾಚೆ ಈಚೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, “ಹಲೋ! ಆರಾಮೇನ್ರಿ?” ಎಂದು ಫೋನಿನಲ್ಲಿ ಕೂಗುತ್ತಿದ್ದರು. ಬಾಯಾರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ನನ್ನದು ಅರ್ಧ ಬದುಕಿಕೊಂಡೆನಲ್ಲ ಎಂಬ ನಗೆ.

ಪರೀಕ್ಷೆ ಪಾಸಾದರೆ ತಮ್ಮ ಬೋರ್ಡು ಮೂಲೆ ಸೇರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಅಳುಕುತ್ತಲೇ ಕೇಳಿದೆ, ಬೇಸರವಿಲ್ಲವೇ ಎಂದು.

“ಇಷ್ಟು ವರ್ಷ ಮಂದಿ ಮಾತು ಮಂದಿಗೆ ಮುಟ್ಟಿಸೇನ್ರಿ. ಇನ್ನ ನಮ್ಮ ಅಕ್ಕನ ಕೂಡ ನಾನೇ ಕೂತು ಮಾತಾಡ್ತೇನಿ.”

ಅಫಜಲಪುರಕ್ಕೆ ಅವರ ವರ್ಗವಾಯಿತು. ಆಮೇಲೆ ನಾನು ಕೂರಿಸಿದ ಪ್ರತಿ ಎಕ್ಸ್‌ಚೇಂಜನ್ನೂ ಅವರು ಕಲಿಸಿದಂತೆಯೇ ಪರೀಕ್ಷಿಸಿದೆ. ಜೇವರ್ಗಿ ಕಡೆಯ ಒಂದು ಊರಿನಲ್ಲಿ ಎಲ್ಲ ಫೋನುಗಳೂ ಒಮ್ಮೆಗೇ ನಡೆದಾಗ ಖುಷಿ ತಡೆಯಲಾರದೆ ಅವರ ಮನೆಗೇ ಹಚ್ಚಿದೆ.

“ಬಾಯಾರ, ಒಂದೂ ಕಾಲ್ ತಪ್ಪಿಲ್ರಿ!”

“ಛಲೋ ಆತು,” ಎಂದರು. ದನಿಯಲ್ಲಿ ಹಿಗ್ಗು. “ಈಗ ಇಡ್ರಿ ಸಾಹೇಬ್ರ, ಲೈನು ಬ್ಯಾರೆಯವರಿಗೆ ಬೇಕಾಗ್ತದ.”