ತೋರುಬೆರಳಿಲ್ಲದ ಮತದಾರ

ಚುನಾವಣೆ ಬಂತೆಂದರೆ ಸರ್ಕಾರಕ್ಕೆ ನಮ್ಮಂಥ ಸರ್ಕಾರಿ ಕಾರ್ಖಾನೆಯ ಇಂಜಿನಿಯರುಗಳ ಮೇಲೆ ಎಲ್ಲಿಲ್ಲದ ನಂಬಿಕೆ ಹುಟ್ಟುತ್ತದೆ. ಆ ಸಲ ವಿಶಾಖಪಟ್ಟಣದಿಂದ ನನ್ನನ್ನು ಭೀಮುನಿಪಟ್ಟಣದ ಒಂದು ಮತಗಟ್ಟೆಗೆ ಹಾಕಿದರು. ಮತದಾರರ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಕನ್ನಡದವನಾದ ನನ್ನ ಜಾತಿ ಯಾವುದೆಂದು ಅಲ್ಲಿ ಯಾರಿಗೂ ಅಂದಾಜು ಸಿಗಲಿಲ್ಲ. ಹಾಗಾಗಿ ಎಲ್ಲ ಪಕ್ಷದ ಏಜೆಂಟರೂ ನನ್ನನ್ನು ಪ್ರಾಮಾಣಿಕನೆಂದು ಒಪ್ಪಿಕೊಂಡರು.

ಹನ್ನೊಂದರ ಹೊತ್ತಿಗೆ ಒಬ್ಬ ಎಡಗೈ ಚಾಚಿದ. ತೋರುಬೆರಳೂ ನಡುಬೆರಳೂ ಇರಲಿಲ್ಲ. ತಲೆಯೆತ್ತುವ ಮೊದಲೇ ಗುರುತು ಹಿಡಿದೆ. ಹಿಂದೊಮ್ಮೆ ಆ ಕೈಯ ಫೋಟೋ ಹದಿನೈದು ದಿನ ನನ್ನ ಮೇಜಿನ ಮೇಲಿತ್ತು.

ಅವನು ನಮ್ಮಲ್ಲಿ ಗುತ್ತಿಗೆ ಕಾರ್ಮಿಕನಾಗಿದ್ದ. ತಿಂಗಳ ಕೊನೆಗೆ ಉತ್ಪಾದನೆ ಸಾಲದೆಂದು ಪ್ರೆಸ್ ಯಂತ್ರದ ರಕ್ಷಣಾ ಜಾಲರಿ ತೆಗೆಸಿದವರು ಮೇಲಿನವರು. ಬೆರಳು ಹೋದದ್ದು ಇವನದು. ವಿಚಾರಣೆಗೆ ಕೂತ ಮೂವರಲ್ಲಿ ಇಂಗ್ಲಿಷ್ ಚೆನ್ನಾಗಿ ಬರೆಯುವವನು ನಾನು. ಜಾಲರಿಯ ಸುದ್ದಿ ಬಿಟ್ಟು, ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದೆ. ವ್ಯಾಕರಣ ಸರಿಯಿದ್ದರೆ ಸುಳ್ಳನ್ನೂ ವರದಿ ಎನ್ನುತ್ತಾರೆ. ಅವನನ್ನು ಕೆಲಸದಿಂದ ತೆಗೆದರು. ಅವನು ವಿಶಾಖಪಟ್ಟಣದ ಕೋರ್ಟಿಗೆ ಹೋದ.

ಚುನಾವಣೆಯ ನಿಯಮ ಮಾತ್ರ ಬಹಳ ಕರುಣಾಳು. ತೋರುಬೆರಳಿಲ್ಲದಿದ್ದರೆ ಅದೇ ಕೈಯ ಬೇರೆ ಬೆರಳು, ಆ ಕೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈ, ಅಲ್ಲೂ ಇಲ್ಲದಿದ್ದರೆ ಉಳಿದ ಮೊಂಡು. ಏನು ಹೋದರೂ ವೋಟು ಹೋಗಬಾರದು. ಅವನ ಉಂಗುರ ಬೆರಳಿಗೆ ಶಾಯಿ ಹಚ್ಚಿದೆ. ನನಗೆ ನಾಚಿಕೆಯಾಗಿತ್ತು.

“ಕೇಸು ಇಂಕಾ ನಡುಸ್ತೋಂದಿ ಸಾರ್,” ಎಂದ. ಕೇಸು ಇನ್ನೂ ನಡೆಯುತ್ತಿದೆ. ಜಾಲರಿ ತೆಗೆಸಿದ್ದರೆಂದು ನಾನೊಬ್ಬ ಕೋರ್ಟಿನಲ್ಲಿ ಹೇಳಿದರೆ ಕೆಲಸ ವಾಪಸು ಸಿಗುತ್ತದೆಂದು ಅವನ ವಕೀಲರು ಹೇಳಿದ್ದರಂತೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, “ನೋಡೋಣ, ಬರ್ತೀನಿ,” ಎಂದು ಅವನ ತೆಲುಗಿನಲ್ಲೇ ಹೇಳಿದೆ.

ಮನೆಯಲ್ಲಿ ಹೆಂಡತಿಗೆ ತಿಳಿಸಿದೆ. “ಹೋಗಿ ಖರೇ ಹೇಳಿ ಬರ್ರಿ. ಅದಕ್ಕೂ ಮುಹೂರ್ತ ನೋಡಬೇಕೇನು?” ಎಂದಳು. ನನಗೆ ಬಡ್ತಿಯ ಕಾಗದ ಬರುವುದಿತ್ತು. ಅದೂ ಬಂತು, ಜೊತೆಗೆ ವಿಜಯವಾಡಕ್ಕೆ ವರ್ಗವೂ ಬಂತು.

ನಾನು ಸಾಕ್ಷಿ ಹೇಳಬೇಕಿದ್ದ ದಿನದ ಹಿಂದಿನ ಮಧ್ಯಾಹ್ನ ಅವನು ವಿಜಯವಾಡದ ಗವರ್ನರ್‌ಪೇಟೆಯ ನಮ್ಮ ಆಫೀಸಿಗೇ ಬಂದ. ಕಿಟಕಿಯಿಂದ ಕಂಡೆ. ವಿಶಾಖಪಟ್ಟಣಕ್ಕೆ ಎರಡು ರೈಲು ಟಿಕೆಟ್ ಹಿಡಿದು, ಅದರಲ್ಲೊಂದನ್ನು ವಾಚ್‌ಮನ್‌ಗೆ ತೋರಿಸಿ, “ಇದಿ ಸಾರ್‌ಕಿ,” ಎನ್ನುತ್ತಿದ್ದ. ಅದು ನನಗಂತೆ. ಮೀಟಿಂಗಿನಲ್ಲಿದ್ದೇನೆಂದು ಹೇಳಿಕಳಿಸಿ, ಹಿಂಬಾಗಿಲಿನಿಂದ ಇಳಿದು ಪಕ್ಕದ ಓಣಿಯ ಹೋಟೆಲಿನಲ್ಲಿ ಕೂತೆ. ಎರಡು ಸಲ ಕಾಫಿ ಕುಡಿದೆ. ರೈಲು ಹೊರಟಿರಬೇಕೆಂದು ಖಾತ್ರಿಯಾದ ಮೇಲೆ ಮರಳಿದೆ.

ವಾಚ್‌ಮನ್ ಒಂದು ಟಿಕೆಟ್ ನನ್ನ ಕೈಗಿಟ್ಟ. “ಪನಿ ಅಯ್ಯಾಕ ರಮ್ಮನ್ನಾಡಂಡಿ,” ಎಂದ. ಕೆಲಸ ಮುಗಿದ ಮೇಲೆ ಬರಲಿ ಎಂದು ಹೇಳಿಹೋಗಿದ್ದನಂತೆ. ಅದು ಜನರಲ್ ಟಿಕೆಟ್, ಸಂಜೆಯ ಗಾಡಿಗೂ ನಡೆಯುತ್ತಿತ್ತು. ನಾನು ಹೋಗಲಿಲ್ಲ. ಅವನು ಸೋತ.